ಗೌನಿಪಲ್ಲಿಯ ಮಾವಿನ ಡಾಕ್ಟರಮ್ಮ

ಗೆರೆ ಇದೆಯೋ ಇಲ್ಲವೋ ಎಂದು ಸುಂದರಾಬಾಯಿ ಆ ರಕ್ತಪರೀಕ್ಷೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರನೆಯ ಸಲ ನೋಡಿದಳು. ಕೋಲಾರದ ಏಪ್ರಿಲ್ ಬಿಸಿಲು ಎಂಥದ್ದೆಂದರೆ, ಅಂತರಗಂಗೆ ಬೆಟ್ಟದ ಮೇಲೆ ಕೂತ ಕೋತಿಯ ರೆಪ್ಪೆಗೂದಲನ್ನು ಆ ಕಿಟಕಿಯಿಂದಲೇ ಎಣಿಸಬಹುದು. ಅಂಥ ಬೆಳಕಿನಲ್ಲೂ ಗೆರೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ತಪ್ಪಿಸಿಕೊಳ್ಳುತ್ತಿತ್ತು. ಮೇಲಿನದು ಕುಂಕುಮದಂತೆ ಕೆಂಪಗಿತ್ತು. ಅದು ಇರಲೇಬೇಕಾದ ಗೆರೆ, ಪರೀಕ್ಷೆ ಸರಿಯಾಗಿ ನಡೆದಿದೆ ಎಂಬುದಕ್ಕೆ ಸಾಕ್ಷಿ. ಅದರ ಕೆಳಗೆ ಇನ್ನೊಂದು ಇರಬಾರದಿತ್ತು. ಇತ್ತು, ಹಸುಗೂಸಿನ ಅಂಗಾಲಿನ ಬಣ್ಣದಷ್ಟು ಮಸುಕಾಗಿ.

ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಭಾರತಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಐದು ತಿಂಗಳ ಬಸುರಿಯಾಗಿ ಅದೇ ಕುರ್ಚಿಯಲ್ಲಿ ಕೂತು, ತನ್ನ ರಕ್ತ ಮೂಡಿಸಿದ ಎರಡು ಗೆರೆಗಳನ್ನು ಅವಳು ನೋಡಿದ್ದಳು. ಈಗ ಅವಳ ತೊಡೆಯ ಮೇಲೆ ಮಗಳು ಚಂದನ, ಬೆರಳಿಗೆ ಒತ್ತಿದ್ದ ಹತ್ತಿಯನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವ ಹವಣಿಕೆಯಲ್ಲಿದ್ದಳು.

"ಎರಡೈತೆ ಅಲ್ವಾ ಮೇಡಮ್ಮೋರೆ," ಎಂದಳು ಭಾರತಮ್ಮ.

"ಎರಡನೇದು ಸರಿಯಾಗಿ ಮೂಡಿಲ್ಲಮ್ಮ. ಬೆಂಗಳೂರಿಗೆ ಕಳಿಸಿ ನೋಡ್ತೀನಿ."

"ಮೂಡೋದು ಮೂಡೈತೆ ಬಿಡಿ."

ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. ಬಾಗಿಲಲ್ಲಿ ಡ್ರೈವರು ಕೋದಂಡರಾಮಪ್ಪ ನಿಂತಿದ್ದ. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದ. ಅವಳು ತೆಲುಗಿನಲ್ಲಿ "ಚಾಲು ಅಣ್ಣಾ" ಎಂದು ಅವನ ಮಾತನ್ನು ಅಲ್ಲಿಗೇ ಸಾಕುಮಾಡಿ, ಶ್ರೀನಿವಾಸಪುರದ ಬಸ್ಸು ಹಿಡಿಯಲು ಹೊರಟುಹೋದಳು.

ಬೆಂಗಳೂರಿನ ದೊಡ್ಡ ಲ್ಯಾಬಿನಿಂದ ಉತ್ತರ ನಾಲ್ಕನೆಯ ದಿನ ಬಂತು. ಗೆರೆ ಇದೆ, ಮಸುಕಾದರೂ ಇದೆ ಎಂದು.

ಮುಳಬಾಗಿಲಿನ ಸುಂದರಾಬಾಯಿಯ ವಂಶದಲ್ಲಿ ಏಳು ತಲೆಮಾರಿನಿಂದ ಗಂಡಸರೆಲ್ಲ ಪಂಚಾಂಗ ಓದಿದವರು ಇಲ್ಲವೇ ಶಾನುಭೋಗಿಕೆ ಮಾಡಿದವರು. ತಿಥಿ ನೋಡದೆ ಆ ಮನೆಯ ಬೆಕ್ಕು ಕೂಡ ಹಾಲು ಕುಡಿಯುತ್ತಿರಲಿಲ್ಲ. ಅಲ್ಲಿ ಹುಟ್ಟಿ, ಅಜ್ಜಿಯ ಹೆಸರಿಟ್ಟುಕೊಂಡು, ಪಂಚಾಂಗಕ್ಕೆ ಬೆನ್ನು ತಿರುಗಿಸಿ ಡಾಕ್ಟರಾದವಳು ಇವಳೊಬ್ಬಳೇ. ಕ್ಷಯ, ವಿಷಮಶೀತ, ಇಲಿಜ್ವರ ಎಂದು ಹದಿನೈದು ವರ್ಷ ರೋಗಾಣುಗಳ ಬೆನ್ನು ಹತ್ತಿ, ಕೊನೆಗೆ ಎಚ್‌ಐವಿಗೆ ಬಂದು ನಿಂತಿದ್ದಳು. ಮುಳಬಾಗಿಲಿನ ಹೋಟೆಲುಗಳೆಲ್ಲ ಸೇರಿ ಹುಯ್ದ ದೋಸೆಗಿಂತ ಇವಳು ಸೂಕ್ಷ್ಮದರ್ಶಕದ ಕೆಳಗಿಟ್ಟ ಗಾಜಿನ ಚೂರುಗಳೇ ಹೆಚ್ಚಿದ್ದಾವು.

ಅವಳ ಈಗಿನ ಕೆಲಸವನ್ನು ಹೇಳಿದರೆ ಇಷ್ಟೇ ಎನ್ನಿಸುತ್ತದೆ. ಸೋಂಕಿರುವ ಬಸುರಿಗೆ ನೋವು ಶುರುವಾದಾಗ ನುಂಗಲು ಒಂದು ಮಾತ್ರೆ, ಹುಟ್ಟಿದ ಕೂಸಿಗೆ ಮೂರು ದಿನದೊಳಗೆ ಒಂದಿಷ್ಟು ಔಷಧಿಯ ಹನಿ. ಅಷ್ಟರಿಂದ ತಾಯಿಯ ಸೋಂಕು ಮಗುವಿಗೆ ದಾಟದೆ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂದು ನಾಲ್ಕು ತಾಲ್ಲೂಕುಗಳಲ್ಲಿ ನಲವತ್ತೊಂದು ಮಕ್ಕಳನ್ನು ಹಿಂಬಾಲಿಸಿ ನೋಡುವುದು. ತೊಡಕಿದ್ದದ್ದು ಕಾಯುವುದರಲ್ಲಿ. ರೋಗದ ವಿರುದ್ಧ ತಾಯಿಯ ರಕ್ತ ಕಟ್ಟಿದ ಕಾವಲಿನ ಗುರುತುಗಳು ಮಗುವಿನ ಮೈಯಲ್ಲೂ ತಿಂಗಳುಗಟ್ಟಲೆ ಓಡಾಡಿಕೊಂಡಿರುತ್ತವೆ. ರೋಗವೇ ಇಲ್ಲದ ಮಗುವಿನ ಪಟ್ಟಿಯಲ್ಲೂ ಅವು ಗೆರೆ ಎಳೆಯುತ್ತವೆ. ಅವೆಲ್ಲ ಅಳಿಸಿಹೋಗಲು ಹದಿನೆಂಟು ತಿಂಗಳು ಬೇಕು. ಹದಿನೆಂಟು ತುಂಬಿದ ಮೇಲೂ ಗೆರೆ ಮೂಡಿದರೆ ಅದು ಮಗುವಿನದೇ. ಗೆರೆ ಮೂಡಿದ ದಿನ ಚಂದನಳಿಗೆ ಹದಿನೆಂಟು ತುಂಬಿ ಒಂದು ದಿನವಾಗಿತ್ತು. ರಿಜಿಸ್ಟರಿನಲ್ಲಿ ಇಪ್ಪತ್ತಮೂರನೆಯ ಮಗುವಾದ ಅವಳ ಕೊನೆಯ ಕಾಲಂ ಒಂದೇ ಒಂದು ಶಬ್ದಕ್ಕಾಗಿ ಬಾಯಿ ತೆರೆದುಕೊಂಡಿತ್ತು. ಸುಂದರಾಬಾಯಿ ವಾರವಿಡೀ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡಿದಳು. ಬರೆಯಲಿಲ್ಲ.

ಕೋದಂಡರಾಮಪ್ಪ ಈ ಯೋಜನೆಯ ಜೀಪಿನ ಡ್ರೈವರು. ಅಷ್ಟೇ ಎಂದರೆ ಅವನಿಗೆ ಅವಮಾನ. ರಕ್ತದ ಕೊಳವೆಗಳನ್ನು ಐಸ್ ಡಬ್ಬಿಯಲ್ಲಿಟ್ಟು ಸಾಗಿಸುವವನು, ಬಸುರಿಯರಿಗೆ ಧೈರ್ಯ ಹೇಳುವವನು, ಹೆರಿಗೆಯ ತಾರೀಖು ಬರೆದು ತರುವವನು ಎಲ್ಲ ಅವನೇ. ಅವನ ಮೀಸೆಯ ಒಂದೊಂದು ಕುಡಿಯ ಮೇಲೆ ಒಂದೊಂದು ಗಿಣಿ ಕೂತು ಸಂಸಾರ ಮಾಡಬಹುದಿತ್ತು. ಆ ಮಾತ್ರೆಯಿಂದ ಅಪಾಯ ಅರ್ಧದಷ್ಟು ತಗ್ಗುತ್ತದೆ, ಅರ್ಧ ಅಷ್ಟೇ, ಎಂದು ಸುಂದರಾಬಾಯಿ ಪ್ರತಿಯೊಬ್ಬ ತಾಯಿಗೂ ಎರಡೆರಡು ಸಲ ಹೇಳುತ್ತಿದ್ದಳು. ಕೋದಂಡರಾಮಪ್ಪ ಹುಟ್ಟಿದಾರಭ್ಯ ಯಾವುದನ್ನೂ ಅರ್ಧ ಹೇಳಿದವನಲ್ಲ. ಮಾತ್ರೆ ಗಂಟಲಿಗಿಳಿದದ್ದೇ ತಡ ರೋಗವು ನಂಗಲಿ ಗಡಿ ದಾಟಿ ಓಡಿ ಚಿತ್ತೂರಿನಲ್ಲಿ ಉಸಿರು ಬಿಡುತ್ತದೆ ಎಂದು ಅವನು ಭಾರತಮ್ಮನಿಗೆ ಮೀಸೆ ಮುಟ್ಟಿ ಹೇಳಿದ್ದ.

ಊರುಗಳಲ್ಲಿ ರೋಗದ ಹೆಸರು ಬಾಯಿಗೆ ಬರಕೂಡದಲ್ಲ, ಅದಕ್ಕೂ ಉಪಾಯ ಕಂಡುಹಿಡಿದವನು ಅವನೇ. ಮೇಡಂ ಮಾವಿನ ಗಿಡದ ರೋಗಗಳ ಡಾಕ್ಟರು ಎಂದು ಶ್ರೀನಿವಾಸಪುರ ತಾಲ್ಲೂಕಿಗೆಲ್ಲ ಸಾರಿಬಿಟ್ಟ. ಅಂದಿನಿಂದ ಜೀಪು ನಿಂತಲ್ಲೆಲ್ಲ ಜನ ಹುಳ ಹಿಡಿದ ಎಲೆ, ಕರಕಲಾದ ಹೂವಿನ ತೆನೆ, ಬಿರುಕುಬಿಟ್ಟ ಕಾಯಿ ಹಿಡಿದುಕೊಂಡು ಮುತ್ತಿಕೊಂಡರು. ಸುಳ್ಳು ಬಯಲಾಗಬಾರದೆಂದು ಸುಂದರಾಬಾಯಿ ತೋಟಗಾರಿಕೆಯ ಪುಸ್ತಕ ತರಿಸಿ ಓದಿದಳು. ಎರಡು ವರ್ಷದಲ್ಲಿ ಅವಳು ಹೇಳಿದ ಸಿಂಪಡಣೆಯಿಂದ ಯಲ್ದೂರಿನಿಂದ ಗೌನಿಪಲ್ಲಿಯವರೆಗೆ ಮರಗಳು ಎಷ್ಟು ಕಾಯಿ ಬಿಟ್ಟವೆಂದರೆ, ಕೊಂಬೆಗೆ ಕೊಟ್ಟ ಆಸರೆಗೋಲಿಗೇ ಮತ್ತೊಂದು ಆಸರೆ ಕೊಡಬೇಕಾಯಿತು.

ಭಾರತಮ್ಮನಿಗೆ ಜನವರಿಯಲ್ಲಿ ಕೆಮ್ಮು ಹಿಡಿದು, ಕಫ ನೋಡಿದಾಗ ಕ್ಷಯ ಎಂದು ತಿಳಿದಿತ್ತು. ಸೋಮವಾರ, ಬುಧವಾರ, ಶುಕ್ರವಾರ ಯಾರಾದರೂ ಎದುರಿಗೆ ನಿಂತು ನುಂಗಿಸಬೇಕಾದ ಮಾತ್ರೆಗಳು. ಊರಿನ ಯಾರ ಕೈಯಿಂದಲೂ ಬೇಡ ಎಂದಳು. ಯಲ್ದೂರಿನ ತನ್ನ ಮನೆಯಿಂದ ಕೋದಂಡರಾಮಪ್ಪನೇ ಅವಳ ಹೆಸರು ಬರೆದ ರಟ್ಟಿನ ಡಬ್ಬ ಹಿಡಿದು ತೋಟ ನೋಡುವ ನೆಪದಲ್ಲಿ ಹೋಗಿಬರುತ್ತಿದ್ದ. ವಾರಕ್ಕೆ ಮೂರು ಸಲ ತಪಾಸಣೆಯಾದ ಮಾವಿನ ತೋಟ ಭೂಮಂಡಲದಲ್ಲಿ ಅದೊಂದೇ. ಮಾರ್ಚಿಗೆ ಕೆಮ್ಮು ನಿಂತು ಅವಳ ಕೆನ್ನೆ ತುಂಬಿಕೊಂಡಿತ್ತು. ಗೆರೆ ಮೂಡಿದ ಮಾರನೆಯ ದಿನದಿಂದ ಅವಳು ಮಾತ್ರೆಗೆ ಬಾಯಿ ತೆರೆಯಲಿಲ್ಲ. ಮೂರು ಸಲ ಹೋದವನನ್ನು ಮೂರು ಸಲವೂ ಹಾಗೇ ಕಳಿಸಿದಳು.

"ಯಾರಿಗೋಸ್ಕರ ನುಂಗ್ಲಿ ಅಂತಾಳೆ ಮೇಡಂ," ಎಂದ ಕೋದಂಡರಾಮಪ್ಪ, ಡಬ್ಬವನ್ನು ಮೇಜಿನ ಮೇಲಿಟ್ಟು. "ನನ್ನ ಮುಖಾನೂ ನೋಡ್ಲಿಲ್ಲ."

ಹೀಗೆಯೇ ಬಿಟ್ಟರೆ ದೀಪಾವಳಿಯ ಹೊತ್ತಿಗೆ ಮಗುವಿಗೆ ತಾಯಿ ಇರುವುದಿಲ್ಲ ಎಂಬುದನ್ನು ಸುಂದರಾಬಾಯಿಗೆ ಯಾರೂ ಹೇಳಬೇಕಿರಲಿಲ್ಲ. ಬರುವ ವರ್ಷದಿಂದ ಎಚ್‌ಐವಿಗೆ ಸರ್ಕಾರವೇ ಮಾತ್ರೆ ಕೊಡುತ್ತದೆ ಎಂಬ ಸುದ್ದಿ ಬೆಂಗಳೂರಿನ ಸಭೆಗಳಲ್ಲಿ ಓಡಾಡುತ್ತಿತ್ತು. ಆ ಬರುವ ವರ್ಷದವರೆಗೆ ಭಾರತಮ್ಮ ಉಳಿದಿರಬೇಕಲ್ಲ. ಸುಂದರಾಬಾಯಿ ಜೀಪು ತೆಗೆಯಲು ಹೇಳಿದಳು.

ಗೌನಿಪಲ್ಲಿಯ ತೋಟದ ಮನೆ ಮುಟ್ಟಿದಾಗ ಭಾರತಮ್ಮ ಜೀಪಿನ ಸದ್ದು ಕೇಳಿಯೇ ಹಿತ್ತಲಿಗೆ ಹೋದಳು. ಅವಳ ಅತ್ತೆ ಅಶ್ವತ್ಥಮ್ಮ ಮಾತ್ರ ಇದ್ದಬದ್ದ ಮಂದಲಿಗೆಯನ್ನೆಲ್ಲ ಜಗಲಿಗೆ ಹಾಸಿದಳು. ಮಗ ಕಾಮಾಲೆಯಿಂದ ಸತ್ತನೆಂದೇ ತಿಳಿದಿದ್ದ ಮುದುಕಿ ಅದು. ಸೋಂಕು ದಾಟದಿರಲೆಂದು ಸೊಸೆ ನಿಲ್ಲಿಸಿದ ಎದೆಹಾಲು ಮೂರೇ ತಿಂಗಳಿಗೆ ಬತ್ತಿತೆಂದು ನಂಬಿ ಹಸುವಿನ ಹಾಲು ಹಾಕಿ ಮೊಮ್ಮಗಳನ್ನು ಬೆಳೆಸಿದವಳು. ಒಂದು ಎಲೆ ತಂದು ಸುಂದರಾಬಾಯಿಯ ಮೂಗಿನ ಕೆಳಗೆ ಹಿಡಿದಳು.

"ಇದ್ಯಾಕಮ್ಮ ಆಫೀಸರಮ್ಮ, ಇಂಗೆ ಮಸಿ ಕಟ್ಟೈತೆ?"

ಜಿಗಿಹುಳ ಬಿಟ್ಟ ಅಂಟಿನ ಮೇಲೆ ಬೆಳೆದ ಬೂಷ್ಟು ಅದು ಎಂದು ಸುಂದರಾಬಾಯಿ ವಿವರಿಸಿದಳು. ಮನಸ್ಸು ಹಿತ್ತಲಿನಲ್ಲಿತ್ತು. ಮುದುಕಿಗೆ ಎಲೆಯ ಮಾತು ಮುಗಿದು ಮಗನ ಮಾತು ಶುರುವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೋರ್‌ವೆಲ್ ಕೊರೆಯುವ ಲಾರಿಯಲ್ಲಿ ದುಡಿಯುತ್ತಿದ್ದವನು. ಅವನು ಮುಟ್ಟಿದ ಕಡೆ ಕಲ್ಲಿನಲ್ಲೂ ನೀರು ಬರುತ್ತಿತ್ತಂತೆ. ಜಗಲಿಯಿಂದ ಇಳಿಯುತ್ತಿದ್ದ ಚಂದನಳನ್ನು ಹಿಡಿದೆಳೆದು ಮಡಿಲಿಗೆ ಹಾಕಿಕೊಂಡು ಅಶ್ವತ್ಥಮ್ಮ ಹೇಳಿದಳು:

"ಆಯುಧಪೂಜೆಗೆ ಬಂದಿದ್ದ. ಲಾರಿಗೆ ಕುಂಬಳಕಾಯಿ ಒಡೆದು, ಮದನಪಲ್ಲಿ ಹತ್ರ ಇವಳ ತವರಿಗೆ ಹೋಗಿ, ತುಂಬಿದ ಬಸ್ರೀನ ಕಣ್ಣಾರೆ ನೋಡ್ಕೊಂಡು ಸೇಲಂ ಕಡೆ ಹೋದ. ಹೋಗಿ ಹತ್ತು ದಿನಕ್ಕೆ ಇದು ಹುಟ್ತು. ಇದರ ಮುಖ ನೋಡಿದ್ದು ಸಂಕ್ರಾಂತಿಗೇಯ."

ಸುಂದರಾಬಾಯಿಯ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ರಿಜಿಸ್ಟರಿನಲ್ಲಿ ಇಪ್ಪತ್ತಮೂರನೆಯ ಮಗು ಹುಟ್ಟಿದ್ದು ಅಕ್ಟೋಬರ್ ಏಳು. ಅಕ್ಟೋಬರ್ ಏಳಕ್ಕೆ ಹತ್ತು ದಿನ ಮೊದಲು ಆಯುಧಪೂಜೆ ಎಂದರೆ ದಸರಾ ಸೆಪ್ಟೆಂಬರಿನಲ್ಲೇ ಬಂದಿರಬೇಕು. ಆ ವರ್ಷ ಹಾಗಿರಲಿಲ್ಲ. ಆ ವರ್ಷ ದಸರಾ ತಡವಾಗಿ ಬಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಹುಟ್ಟಿದ ತಿಥಿ ಗೊತ್ತೇನಮ್ಮ?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಿಲ್ದೆ ಏನು. ಆಶ್ವಯುಜ ಬಹುಳ ಪಂಚಮಿ. ಬೀಗಿತ್ತಿ ಹೇಳ್ಕಳಿಸಿದ್ಳಲ್ಲ, ದೀಪಾವಳಿಗಿನ್ನೂ ಒಂದು ವಾರದ ಮೇಲಿತ್ತು."

ಸುಂದರಾಬಾಯಿ ಜೀಪಿನ ಕಡೆ ನಡೆದಳು. ನಡೆದಳು ಎನ್ನುವುದು ಮರ್ಯಾದೆಗೆ. ಆ ನಡಿಗೆಗೆ ಅಂಗಳದ ಕೋಳಿಗಳು ಆಂಧ್ರದವರೆಗೆ ಹಾರಿದವು.

ಕೋದಂಡರಾಮಪ್ಪನ ಸೀಟಿನ ಕೆಳಗೆ ಹತ್ತು ವರ್ಷದ ಕ್ಯಾಲೆಂಡರುಗಳ ಸುರುಳಿ ಇತ್ತು. ಹಳ್ಳಿಯ ಬಾಣಂತಿಯರು, ಅವರ ತಾಯಂದಿರು ತಾರೀಖು ಹೇಳುವವರಲ್ಲ, ತಿಥಿ ಹೇಳುವವರು. ಯಾವ ತಿಥಿ ಹೇಳಿದರೂ ಕಣ್ಣು ಮಿಟುಕಿಸುವುದರೊಳಗೆ ಇಂಗ್ಲಿಷ್ ತಾರೀಖು ತೆಗೆದುಕೊಡುತ್ತೇನೆ, ಮುಳಬಾಗಿಲಿನ ಆಚಾರ್ರುಗಳೂ ನನ್ನ ಮುಂದೆ ಬೆರಳೆಣಿಸುತ್ತಾ ಕೂರಬೇಕು ಎಂದು ಅವನು ಜಂಬ ಕೊಚ್ಚುತ್ತಿದ್ದ. ಮಾತ್ರೆ, ಹನಿ ಎರಡನ್ನೂ ಮೊದಲೇ ಒಯ್ದು ತವರಿನಲ್ಲಿ ಹೆತ್ತಿದ್ದ ಭಾರತಮ್ಮ ಮೂರು ತಿಂಗಳ ಕೂಸು ಎತ್ತಿಕೊಂಡು ಬಂದಾಗ ಅವಳ ತಾಯಿ ಹೇಳಿದ ತಿಥಿಯನ್ನು ಅವನು ಹಾಗೆಯೇ ಕಣ್ಣು ಮಿಟುಕಿಸಿ ಬರೆದುಕೊಂಡಿದ್ದ.

ಸುಂದರಾಬಾಯಿ ಎರಡು ಸಾವಿರದ ಒಂದರ ಕ್ಯಾಲೆಂಡರನ್ನು ಬಾನೆಟ್ಟಿನ ಮೇಲೆ ಬಿಚ್ಚಿದಳು. ಅಕ್ಟೋಬರಿನ ಹಾಳೆಯಲ್ಲಿ ಏಳನೆಯ ತಾರೀಖಿನ ಮನೆಯಲ್ಲಿ ಪಂಚಮಿ ಎಂದಿತ್ತು. ಹಾಳೆಯ ಮೂಲೆಯಲ್ಲಿ ಆಶ್ವಯುಜ ಎಂಬುದರ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಪದವಿತ್ತು. ಅದರ ಮೇಲೆ ಗ್ರೀಸಿನ ಹೆಬ್ಬೆಟ್ಟು ಕೂತಿತ್ತು. ಸೆರಗಿನಿಂದ ಒರೆಸಿದಳು. ಅಧಿಕ.

"ಕೋದಂಡರಾಮಪ್ಪ, ಆ ವರ್ಷ ಎರಡು ಆಶ್ವಯುಜ ಬಂದಿತ್ತು. ಮೊದಲನೇದು ಅಧಿಕ ಮಾಸ. ಎರಡನೇದ್ರಲ್ಲಿ ದಸರಾ. ನೀವು ಮೊದಲು ಕಣ್ಣಿಗೆ ಬಿದ್ದ ಪಂಚಮೀನ ಬರ್ಕೊಂಡಿದ್ದೀರಿ."

"ಅಧಿಕ ಮಾಸವಾ?"

"ನಮ್ಮಮ್ಮ ಮೂವತ್ತಮೂರು ಕಜ್ಜಾಯ ಮಾಡಿ ಕಳಿಸಿದ್ರಲ್ಲ, ಅಧಿಕ ಮಾಸದ್ದು ಅಂತ. ಅದ್ರಲ್ಲಿ ಹನ್ನೊಂದು ತಿಂದೋರು ಯಾರು?"

ಕೋದಂಡರಾಮಪ್ಪನ ಮೀಸೆಯ ಎರಡೂ ಗಿಣಿಗಳು ಒಟ್ಟಿಗೆ ಹಾರಿಹೋದಂತಾಯಿತು. ನವೆಂಬರಿನ ಹಾಳೆ ತಿರುವಿದ. ಎರಡನೆಯ ಪಂಚಮಿ ಅಲ್ಲಿ ಐದನೆಯ ತಾರೀಖಿನ ಮನೆಯಲ್ಲಿ ತೆಪ್ಪಗೆ ಕೂತಿತ್ತು. ಅವನು ಬೆರಳು ಮಡಿಸಿ ಎಣಿಸಿದ, ಮತ್ತೆ ಬಿಚ್ಚಿ ಎಣಿಸಿದ. ಗೆರೆ ಮೂಡಿದ ದಿನ ಮಗುವಿಗೆ ತುಂಬಿದ್ದು ಹದಿನೆಂಟಲ್ಲ, ಹದಿನೇಳು.

ಒಂದು ತಿಂಗಳಿನಲ್ಲಿ ಏನು ಮಹಾ ಎಂದು ಬೇರೆಯವರು ಕೇಳಿಯಾರು. ಹದಿನೇಳಕ್ಕೆ ಬಹುಪಾಲು ಮಕ್ಕಳಲ್ಲಿ ತಾಯಿಯ ಗುರುತು ಅಳಿಸಿರುತ್ತದೆ, ಕೆಲವರಲ್ಲಿ ಇನ್ನೂ ಬಾಲ ಉಳಿದಿರುತ್ತದೆ. ಆ ಕೆಲವರಲ್ಲಿ ಈ ಮಗುವೂ ಒಂದೋ ಅಲ್ಲವೋ, ಅದನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ಇದೆಲ್ಲ ಸುಂದರಾಬಾಯಿಗೆ ಗೊತ್ತಿತ್ತು. ಆದರೂ ಗೆರೆ ಮಸುಕಾಗಿದ್ದದ್ದು ಅವಳ ಎದೆಯಲ್ಲಿ ಬೇರೆ ಬಣ್ಣದಲ್ಲಿ ಮೂಡತೊಡಗಿತ್ತು.

ಹಿತ್ತಲಿನಲ್ಲಿ ಭಾರತಮ್ಮ ಒಗೆಯುವ ಕಲ್ಲಿನ ಪಕ್ಕ ಕೂತಿದ್ದಳು. ಬಕೆಟ್ಟಿನ ಬಟ್ಟೆ ಒದ್ದೆಯೂ ಆಗಿರಲಿಲ್ಲ. ಸುಂದರಾಬಾಯಿ ಅವಳೆದುರು ಕುಕ್ಕುರುಗಾಲಲ್ಲಿ ಕೂತು, ತಿಥಿ, ತಿಂಗಳು, ಗೆರೆ ಎಲ್ಲವನ್ನೂ ಬಿಡಿಸಿ ಹೇಳಿದಳು. ತಪ್ಪು ನಮ್ಮದು ಎಂದಳು. ಹಿಂದೆ ನಿಂತಿದ್ದ ಕೋದಂಡರಾಮಪ್ಪ "ನಂದು" ಎಂದು ತಿದ್ದಿದ.

"ಹಂಗಾದ್ರೆ ಇನ್ನೊಂದ್ಸಲ ನೋಡಿದ್ರೆ ಒಂದೇ ಗೆರೆ ಬರುತ್ತೆ ಅಂತೀರಾ?"

"ಅನ್ನಲ್ಲಮ್ಮ. ಬರಬಹುದು. ಎರಡೂ ಬರಬಹುದು."

ಭಾರತಮ್ಮ ಕೋದಂಡರಾಮಪ್ಪನ ಕಡೆ ತಿರುಗಿದಳು. "ನೀನು ಹೇಳಣ್ಣ. ಚಿತ್ತೂರಿಗೆ ಓಡ್ಸೋನು ನೀನು."

ಕೋದಂಡರಾಮಪ್ಪ ಮೀಸೆಗೆ ಕೈ ಹಾಕಲು ಹೋದವನು ಹಾಕಲಿಲ್ಲ.

"ಬರಬಹುದಮ್ಮ," ಎಂದ.

ನಾಲ್ಕು ತಾಲ್ಲೂಕಿನ ಯಾವ ಮನುಷ್ಯನೂ ಅವನ ಬಾಯಿಂದ ಆ ಮಾತು ಕೇಳಿರಲಿಲ್ಲ. ಭಾರತಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನೇ ಇಂಗೆ ಮಾತಾಡ್ತೀಯ ಅಂದ್ರೆ ಇದ್ರಲ್ಲಿ ಏನೋ ನಿಜ ಇರ್ಬೇಕು," ಎಂದಳು. "ಆದ್ರೆ ಆ ಕುರ್ಚಿಗೆ ನಾನು ಬರಲ್ಲ. ನೀವೇ ಬನ್ನಿ. ಮಾತ್ರೆ ಮಾತು ಆಮೇಲೆ."

ಈಗಲೇ ಶುರುಮಾಡು, ತಡವಾದಷ್ಟೂ ಕಷ್ಟ ಎಂದು ಸುಂದರಾಬಾಯಿ ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ.

ಆ ಸಂಜೆಯೇ ಸುಂದರಾಬಾಯಿ ನಲವತ್ತೊಂದು ಮಕ್ಕಳ ತಾರೀಖನ್ನೂ ಕ್ಯಾಲೆಂಡರಿನ ಎದುರಿಟ್ಟು ತಾಳೆ ನೋಡಿದಳು. ಆ ದಿನಗಳಲ್ಲಿ ಹುಟ್ಟಿದ್ದು ಇನ್ನೊಂದೇ ಮಗು, ಮಾಲೂರಿನ ಕಡೆ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಮನೆಯದು. ಅದರ ತಾರೀಖು ಆಸ್ಪತ್ರೆಯ ಚೀಟಿಯಿಂದ ಬಂದದ್ದು, ಸರಿಯಿತ್ತು. ಮುಳಬಾಗಿಲಿಗೆ ಫೋನು ಮಾಡಿ, ಇನ್ನೆರಡು ವರ್ಷದಲ್ಲಿ ಅಧಿಕ ಮಾಸ ಯಾವಾಗ ಎಂದು ತಂದೆ ಸೀತಾರಾಮಾಚಾರ್ಯರನ್ನು ಕೇಳಿದಳು. ಮಗಳ ಬಾಯಲ್ಲಿ ಆ ಪ್ರಶ್ನೆ ಕೇಳಿ ಅವರು ಸಂತೋಷಕ್ಕೆ ಹನ್ನೆರಡು ವರ್ಷದ ಲೆಕ್ಕ ಒಪ್ಪಿಸಿ ಮುಗಿಸುವ ಹೊತ್ತಿಗೆ ಫೋನು ಕೈಸುಡುವಷ್ಟು ಕಾದಿತ್ತು.

ಮೇ ತಿಂಗಳ ಇಪ್ಪತ್ತೊಂದಕ್ಕೆ ಜೀಪು ಮತ್ತೆ ಗೌನಿಪಲ್ಲಿಗೆ ಹೋಯಿತು. ತೋಟದಲ್ಲಿ ಕೊಯ್ಲು ಶುರುವಾಗಿತ್ತು. ಬಾದಾಮಿ ಮಾವಿನ ವಾಸನೆ ಎಷ್ಟು ಗಟ್ಟಿಯಾಗಿತ್ತೆಂದರೆ ಅದಕ್ಕೆ ಒರಗಿ ನಿಲ್ಲಬಹುದಿತ್ತು. ಅಶ್ವತ್ಥಮ್ಮ ಆಚೆ ತುದಿಯಲ್ಲಿ ಆಳುಗಳ ಜೊತೆ ಕಾಯಿ ವಿಂಗಡಿಸುತ್ತಿದ್ದಳು. ಈಚೆ, ದೊಡ್ಡ ರಸಪುರಿ ಮರದ ಕೆಳಗೆ, ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಸುಂದರಾಬಾಯಿ ಅದರ ಮೇಲೆ ಬಿಳಿ ಬಟ್ಟೆ ಹಾಸಿದಳು. ಭಾರತಮ್ಮ ಇನ್ನಷ್ಟು ಸೊರಗಿದ್ದಳು, ಕೆಮ್ಮು ಮರಳಿ ಬಂದಿತ್ತು. ಚಂದನ ಬೆರಳು ಚುಚ್ಚಿದ್ದಕ್ಕೆ ತಾಲ್ಲೂಕು ಕಚೇರಿಗೆ ಕೇಳಿಸುವಂತೆ ಅತ್ತು, ಕೋದಂಡರಾಮಪ್ಪ ಹೆಚ್ಚಿ ಕೊಟ್ಟ ಹಣ್ಣಿನ ವಾಟೆ ಕೈಗೆ ಬಂದೊಡನೆ ಸುಮ್ಮನಾದಳು.

ರಕ್ತದ ಹನಿ ಪಟ್ಟಿಯ ಮೇಲೆ ಹರಡಿತು. ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಆ ಮರ ಇನ್ನೊಂದು ಸಲ ಹೂಬಿಟ್ಟು, ಕಾಯಿ ಕಚ್ಚಿ, ಹಣ್ಣಾಗಿ ಉದುರಿರಬೇಕು. ಮೇಲಿನ ಗೆರೆ ಕುಂಕುಮದಂತೆ ಮೂಡಿತು. ಕೆಳಗೆ ಬಿಳಿ. ಇಪ್ಪತ್ತನೆಯ ನಿಮಿಷಕ್ಕೆ ಸುಂದರಾಬಾಯಿ ಚೀಲದಿಂದ ಭೂತಗನ್ನಡಿ ತೆಗೆದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಪಟ್ಟಿಯನ್ನು ಭಾರತಮ್ಮನ ಕೈಗೆ ಕೊಟ್ಟಳು.

ಭಾರತಮ್ಮ ಪಟ್ಟಿಯನ್ನು ನೆರಳಿನಲ್ಲಿ ನೋಡಿದಳು, ಬಿಸಿಲಿಗೆ ಒಯ್ದು ನೋಡಿದಳು, ತಲೆಕೆಳಗು ಮಾಡಿ ನೋಡಿದಳು.

"ಇನ್ನೂ ಸ್ವಲ್ಪ ಹೊತ್ತು ಬಿಟ್ರೆ ಬರುತ್ತಾ?"

"ಇಲ್ಲ. ಬರೋದಿದ್ರೆ ಇಷ್ಟೊತ್ತಿಗೆ ಬರ್ತಿತ್ತು," ಎಂದಳು ಸುಂದರಾಬಾಯಿ. "ಬೆಂಗಳೂರಿಗೂ ಕಳಿಸ್ತೀನಿ. ಅಲ್ಲಿಂದ ಕಾಗದ ಬರೋವರೆಗೆ ನಾನು ಪುಸ್ತಕದಲ್ಲಿ ಬರೆಯಲ್ಲ. ಆದ್ರೆ ನಿನ್ನ ಕಣ್ಣಿಗೆ ಕಂಡಿದ್ದು ನನಗೂ ಕಂಡಿದೆ."

ಭಾರತಮ್ಮ ಅಳುತ್ತಾಳೆಂದು ಕೋದಂಡರಾಮಪ್ಪ ತಲೆಯ ವಸ್ತ್ರ ಬಿಚ್ಚಿ ಸಿದ್ಧವಾಗಿದ್ದ. ಅದು ಅವನಿಗೇ ಬೇಕಾಯಿತು. ಅವಳು ಪಟ್ಟಿಯನ್ನು ಬಟ್ಟೆಯ ಮೇಲಿಟ್ಟು, ಮಗಳ ಗಲ್ಲದ ಮೇಲಿನ ರಸವನ್ನು ಸೆರಗಿನಿಂದ ಒರೆಸಿ, ಆ ಸೆರಗನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು.

"ಇವತ್ತೇನು ವಾರ?"

"ಬುಧವಾರ," ಎಂದ ಕೋದಂಡರಾಮಪ್ಪ.

ಅವಳು ಅಂಗೈ ಚಾಚಿದಳು.

ಡಬ್ಬ ಐದು ವಾರದಿಂದ ಜೀಪಿನಲ್ಲೇ ಕ್ಯಾಲೆಂಡರುಗಳ ಜೊತೆ ತಿರುಗುತ್ತಿತ್ತು. ಅವನು ತಂದ. ನಡುವೆ ಬಿಟ್ಟದ್ದರ ಲೆಕ್ಕ ಹಾಕಿ, ಮತ್ತೆ ಕಫ ನೋಡಿ, ಮೊದಲಿನಿಂದ ಶುರುಮಾಡಬೇಕಾಗಬಹುದು ಎಂದು ಸುಂದರಾಬಾಯಿ ಹೇಳಿದಳು. ಆಗಲಿ ಎಂದಳು ಭಾರತಮ್ಮ. ಕೊಡದ ನೀರಿನಿಂದ ಒಂದೊಂದೇ ಮಾತ್ರೆ ನುಂಗಿದಳು, ಏಳು ಮಾತ್ರೆ, ಪ್ರತಿ ಸಲವೂ ಗಂಟಲೆತ್ತಿ. ಕೋದಂಡರಾಮಪ್ಪ ಕಾರ್ಡು ತೆಗೆದು ತಾರೀಖು ಬರೆಯಲು ಹೋದವನು ಪೆನ್ಸಿಲು ತಡೆದು ಕೇಳಿದ.

"ಮೇ ಇಪ್ಪತ್ತೊಂದು ತಾನೇ ಮೇಡಂ?"

"ಇಪ್ಪತ್ತೊಂದು."

"ಯಾವುದಕ್ಕೂ ಇನ್ನೊಂದ್ಸಲ ಹೇಳಿ."

ಖಾಲಿಯಾದ ಮಾತ್ರೆಯ ಹಾಳೆ ಪೆಟ್ಟಿಗೆಯಿಂದ ಜಾರಿ ಕೆಳಗೆ ಬಿದ್ದಿತ್ತು. ಚಂದನ ವಾಟೆಯನ್ನು ಪಕ್ಕಕ್ಕಿಟ್ಟು ಅದನ್ನು ಎತ್ತಿಕೊಂಡಳು. ಮಾತ್ರೆಗಳಿದ್ದ ಏಳು ಗುಳಿಗಳಲ್ಲಿ ಒಂದೊಂದಕ್ಕೂ ಬೆರಳಿಟ್ಟು ನೋಡಿ, ವಾಟೆಯನ್ನು ಎರಡೂ ಕೈಯಿಂದ ಹಿಂಡಿ, ಅವುಗಳಿಗೆ ಹನಿಹನಿಯಾಗಿ ಮಾವಿನ ರಸ ತುಂಬತೊಡಗಿದಳು.